ಮನೆಯ ನಿತ್ಯದ ಅಡುಗೆಯಲ್ಲಿ ಉಪ್ಪಿನ ಮಿತಿ: ಉಪ್ಪು ಬೆರೆಸದ ಮಸಾಲೆ ಪುಡಿಗಳ ತಯಾರಿಕೆ ಮತ್ತು ಬಳಕೆ

ಪೀಠಿಕೆ

ಬಿಸಿ ಅನ್ನಕ್ಕೆ ತಿಳಿಸಾರು, ಮುದ್ದೆಗೆ ಬಸ್ಸಾರು, ಜೋಳದ ರೊಟ್ಟಿಗೆ ಗುರೆಳ್ಳು ಚಟ್ನಿ, ಹಬ್ಬದ ಮರುದಿನದ ಚಿತ್ರಾನ್ನ ಇವು ಕನ್ನಡ ನಾಡಿನ ಮನೆಗಳಲ್ಲಿ ಹಸಿವನ್ನು ತಣಿಸುವುದರ ಜೊತೆಗೆ ಮನಸ್ಸಿಗೂ ನೆಮ್ಮದಿಯನ್ನು ನೀಡುವ ಅಡುಗೆಗಳು. ಜ್ವರದಿಂದ ಎದ್ದವರಿಗೆ ಮೊದಲು ಬಡಿಸುವುದು ಮೆಣಸಿನ ಸಾರು. ದೂರದ ಪ್ರಯಾಣದಿಂದ ಮನೆಗೆ ಮರಳಿದವರು ಕೇಳುವುದು ಮೊಸರನ್ನ. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂಬ ಗಾದೆಯು ಈ ಊಟದ ಪಂಕ್ತಿಯಲ್ಲಿಯೇ ಹುಟ್ಟಿದಂತಿದೆ.

ಆದರೆ ಮನೆಯಲ್ಲಿ ಒಬ್ಬರಿಗೆ ಅಧಿಕ ರಕ್ತದೊತ್ತಡವಿದೆಯೆಂದು ತಿಳಿದು ಬಂದ ದಿನದಿಂದ ಇದೇ ಅಡುಗೆಯ ಮನೆಯಲ್ಲಿ ಹೊಸ ಸಮಸ್ಯೆಯೊಂದು ಆರಂಭವಾಗುತ್ತದೆ. ವೈದ್ಯರು "ಉಪ್ಪು ಕಡಿಮೆ ಮಾಡಿ" ಎಂದು ಸೂಚಿಸುತ್ತಾರೆ. ಅಂದಿನಿಂದ ಒಲೆಯ ಮೇಲೆ ಎರಡು ಪಾತ್ರೆಗಳು ಏರುತ್ತವೆ. ಒಂದು ಮನೆಮಂದಿಗೆ, ಇನ್ನೊಂದು ರೋಗಿಗೆ. ರೋಗಿಯ ಪಾತ್ರೆಯ ಸಾರಿನಲ್ಲಿ ಉಪ್ಪೂ ಇರುವುದಿಲ್ಲ, ರುಚಿಯೂ ಇರುವುದಿಲ್ಲ. ಮನೆಯ ಹಿರಿಯರು ಎಲ್ಲರೊಂದಿಗೆ ಕುಳಿತರೂ ಬೇರೆಯೇ ಊಟವನ್ನು ಮಾಡಬೇಕಾಗುತ್ತದೆ. ಕೆಲವು ವಾರಗಳಲ್ಲಿ ಅಡುಗೆ ಮಾಡುವವರು ಬೇಸರಗೊಳ್ಳುತ್ತಾರೆ, ಊಟ ಮಾಡುವವರು ಗುಟ್ಟಾಗಿ ಉಪ್ಪಿನಕಾಯಿಯ ಭರಣಿಗೆ ಕೈಹಾಕುತ್ತಾರೆ, ಎರಡನೆಯ ಪಾತ್ರೆಯು ಮರಳಿ ಕಪಾಟು ಸೇರುತ್ತದೆ. ಉಪ್ಪು ಮೊದಲಿನ ಪ್ರಮಾಣಕ್ಕೇ ಹಿಂದಿರುಗುತ್ತದೆ.

ಇದಕ್ಕೆ ಪರಿಹಾರವೆಂದರೆ ಒಂದೇ ಪಾತ್ರೆಯಲ್ಲಿ, ಎಲ್ಲರಿಗೂ ಸಲ್ಲುವಂತೆ, ಉಪ್ಪನ್ನು ಹಂತ ಹಂತವಾಗಿ ತಗ್ಗಿಸುವುದು. ಹಾಗೆ ತಗ್ಗಿದ ರುಚಿಯನ್ನು ಮನೆಯಲ್ಲಿಯೇ ಸಿದ್ಧಪಡಿಸಿದ, ಉಪ್ಪು ಬೆರೆಸದ ಮಸಾಲೆ ಪುಡಿಗಳಿಂದ ತುಂಬಿಕೊಡುವುದು. ಈ ವಿಧಾನದ ವಿವರಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಗೆ ನೀಡಲಾಗಿದೆ.

ಉಪ್ಪು, ಸೋಡಿಯಂ ಮತ್ತು ದಿನದ ಮಿತಿ

ಅಡುಗೆ ಉಪ್ಪಿನ ರಾಸಾಯನಿಕ ಹೆಸರು ಸೋಡಿಯಂ ಕ್ಲೋರೈಡ್. ಇದರ ತೂಕದಲ್ಲಿ ಸುಮಾರು ಶೇಕಡಾ 40 ಭಾಗ ಸೋಡಿಯಂ, ಉಳಿದದ್ದು ಕ್ಲೋರೈಡ್. ಶರೀರದಲ್ಲಿ ನೀರಿನ ಸಮತೋಲನವನ್ನು ಕಾಯಲು, ನರ ಮತ್ತು ಸ್ನಾಯುಗಳು ಕೆಲಸ ಮಾಡಲು ಸೋಡಿಯಂ ಅಗತ್ಯ. ಆದರೆ ಅದು ಮಿತಿಮೀರಿದಾಗ ರಕ್ತದಲ್ಲಿ ನೀರಿನಂಶವನ್ನು ಹೆಚ್ಚು ಹಿಡಿದಿಡುತ್ತದೆ. ಇದರಿಂದ ರಕ್ತದ ಪ್ರಮಾಣ ಹೆಚ್ಚಿ ರಕ್ತನಾಳಗಳ ಮೇಲೆ ಒತ್ತಡ ಏರುತ್ತದೆ. ಈ ಒತ್ತಡವು ವರ್ಷಗಟ್ಟಲೆ ಮುಂದುವರಿದಲ್ಲಿ ಹೃದಯ, ಮೂತ್ರಪಿಂಡ ಹಾಗೂ ಮೆದುಳಿನ ರಕ್ತನಾಳಗಳು ಹಾನಿಗೊಳಗಾಗುತ್ತವೆ. ಪಾರ್ಶ್ವವಾಯು ಮತ್ತು ಹೃದಯಾಘಾತಗಳಿಗೆ ಅಧಿಕ ರಕ್ತದೊತ್ತಡವು ಪ್ರಮುಖ ಕಾರಣಗಳಲ್ಲಿ ಒಂದು. ರಕ್ತದೊತ್ತಡ ಹೆಚ್ಚಿರುವ ಬಹಳಷ್ಟು ಜನರಿಗೆ ಯಾವುದೇ ಲಕ್ಷಣಗಳು ಕಾಣಿಸಿಕೊಳ್ಳುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ವಯಸ್ಕರೊಬ್ಬರು ದಿನವೊಂದಕ್ಕೆ ಸೇವಿಸುವ ಸೋಡಿಯಂ 2000 ಮಿಲಿಗ್ರಾಂಗಿಂತ, ಅಂದರೆ ಉಪ್ಪು 5 ಗ್ರಾಂಗಿಂತ, ಕಡಿಮೆ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧೀನದಲ್ಲಿರುವ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಇದೇ 5 ಗ್ರಾಂ ಮಿತಿಯನ್ನು ಸೂಚಿಸುತ್ತದೆ. 2017-18ನೇ ಸಾಲಿನ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದ ವಯಸ್ಕರ ಸರಾಸರಿ ಸೇವನೆಯು ದಿನಕ್ಕೆ 8 ಗ್ರಾಂ ಉಪ್ಪು. ಅಂದರೆ ಅನುಮತಿಸಿದ ಮೊತ್ತಕ್ಕಿಂತ 3 ಗ್ರಾಂ ಅಧಿಕ ಖರ್ಚು ಪ್ರತಿದಿನವೂ ನಡೆಯುತ್ತಿದೆ.

ಮನೆಯ ಉಪ್ಪಿನ ಲೆಕ್ಕ ತೆಗೆಯುವ ಸುಲಭ ವಿಧಾನ

ತಮ್ಮ ಮನೆಯಲ್ಲಿ ಎಷ್ಟು ಉಪ್ಪು ಖರ್ಚಾಗುತ್ತಿದೆ ಎಂಬುದನ್ನು ತಿಳಿಯಲು ಯಾವ ಪ್ರಯೋಗಾಲಯದ ಅವಶ್ಯಕತೆಯೂ ಇಲ್ಲ. ಉಪ್ಪಿನ ಪೊಟ್ಟಣವನ್ನು ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಬೇಕು. ಅದು ಮುಗಿದ ದಿನಾಂಕವನ್ನೂ ಗುರುತಿಸಬೇಕು. ಪೊಟ್ಟಣದ ತೂಕವನ್ನು ಮೊದಲು ದಿನಗಳ ಸಂಖ್ಯೆಯಿಂದ, ನಂತರ ಊಟ ಮಾಡುವವರ ಸಂಖ್ಯೆಯಿಂದ ಭಾಗಿಸಿದರೆ ತಲಾವಾರು ಲೆಕ್ಕ ದೊರೆಯುತ್ತದೆ.

ಉದಾಹರಣೆಗೆ, ನಾಲ್ವರು ವಯಸ್ಕರಿರುವ ಮನೆಯಲ್ಲಿ 1 ಕಿಲೋಗ್ರಾಂ ಉಪ್ಪು 30 ದಿನಗಳಲ್ಲಿ ಮುಗಿದರೆ, ತಲಾ ದಿನವೊಂದಕ್ಕೆ 8.3 ಗ್ರಾಂ ಆಗುತ್ತದೆ. ಅದೇ ಪೊಟ್ಟಣವು 50 ದಿನ ಬಂದರೆ ತಲಾ 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿನಿಸು, ಹೋಟೆಲ್ ಊಟ ಇವುಗಳಲ್ಲಿನ ಉಪ್ಪು ಈ ಲೆಕ್ಕಕ್ಕೆ ಸೇರಿರುವುದಿಲ್ಲವಾದ್ದರಿಂದ ಪೊಟ್ಟಣವು 50 ದಿನಗಳಿಗಿಂತಲೂ ಹೆಚ್ಚು ಕಾಲ ಬಾಳಬೇಕು.

ಅಳತೆಗೆ ಸಂಬಂಧಿಸಿದಂತೆ, 5 ಮಿಲಿಲೀಟರ್ ಹಿಡಿಯುವ ಟೀ ಚಮಚದಲ್ಲಿ ಮಟ್ಟಸವಾಗಿ ತುಂಬಿದ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗುತ್ತದೆ. ಗೋಪುರದಂತೆ ತುಂಬಿದಲ್ಲಿ ತೂಕ ಬಹಳವಾಗಿ ಹೆಚ್ಚುತ್ತದೆ. ಕೈ ಅಂದಾಜಿನಲ್ಲಿ ಹಾಕುವ ಉಪ್ಪು ದಿನದಿಂದ ದಿನಕ್ಕೆ ಬದಲಾಗುವುದರಿಂದ, ಮೊದಲ ಎರಡು ತಿಂಗಳಾದರೂ ಒಂದೇ ಚಮಚವನ್ನು ಉಪ್ಪಿನ ಡಬ್ಬಿಯಲ್ಲಿ ಇರಿಸಿಕೊಂಡು ಅಳೆದು ಹಾಕುವುದು ಸೂಕ್ತ.

ಒಂದು ದಿನದ ಜಮಾ-ಖರ್ಚು

ನಾಲ್ವರಿಗೆ ಅಡುಗೆ ಮಾಡುವ ಒಂದು ಮನೆಯ ದಿನದ ಉಪ್ಪಿನ ಅಂದಾಜು ಹೀಗಿರಬಹುದು (ತಲಾ ಗ್ರಾಂಗಳಲ್ಲಿ):

ಬೆಳಗಿನ ಉಪ್ಪಿಟ್ಟು (ಒಂದೂವರೆ ಚಮಚ): 2.25
ಎರಡು ಹೊತ್ತಿಗೆ ಸಾರು (2 ಚಮಚ): 3.00
ಪಲ್ಯ (1 ಚಮಚ): 1.50
ಮಜ್ಜಿಗೆ (ಅರ್ಧ ಚಮಚ): 0.75
ಚಪಾತಿ ಹಿಟ್ಟು (ಅರ್ಧ ಚಮಚ): 0.75
ಉಪ್ಪಿನಕಾಯಿ: 1.00
ಹಪ್ಪಳ: 0.50
ಒಟ್ಟು: 9.75 ಗ್ರಾಂ

ಇದೇ ಮನೆಯು ಉಪ್ಪಿಟ್ಟಿಗೆ 1 ಚಮಚ, ಸಾರಿಗೆ 1 ಚಮಚ, ಪಲ್ಯಕ್ಕೆ ಅರ್ಧ ಚಮಚ ಬಳಸಿ, ಮಜ್ಜಿಗೆಗೂ ಚಪಾತಿ ಹಿಟ್ಟಿಗೂ ಉಪ್ಪು ಹಾಕದೆ, ಹಪ್ಪಳವನ್ನು ಹಬ್ಬದ ದಿನಕ್ಕೆ ಮೀಸಲಿಟ್ಟು, ಉಪ್ಪಿನಕಾಯಿಯನ್ನು ಅರ್ಧಕ್ಕೆ ಇಳಿಸಿದರೆ ಲೆಕ್ಕವು ಹೀಗಾಗುತ್ತದೆ:

ಉಪ್ಪಿಟ್ಟು: 1.50
ಸಾರು: 1.50
ಪಲ್ಯ: 0.75
ಉಪ್ಪಿನಕಾಯಿ: 0.50
ಒಟ್ಟು: 4.25 ಗ್ರಾಂ

ಉಳಿದ 0.75 ಗ್ರಾಂ ಅವಕಾಶವನ್ನು ಹಾಲು, ಮೊಸರು, ಸೊಪ್ಪು, ತರಕಾರಿಗಳಲ್ಲಿ ಸಹಜವಾಗಿಯೇ ಇರುವ ಸೋಡಿಯಂಗೆ ಬಿಟ್ಟಂತಾಗುತ್ತದೆ. ಈ ಎರಡು ಪಟ್ಟಿಗಳಲ್ಲಿ ಯಾವ ಮುಖ್ಯ ಅಡುಗೆಯೂ ಕೈಬಿಟ್ಟು ಹೋಗಿಲ್ಲ ಎಂಬುದು ಗಮನಾರ್ಹ.

ನಮ್ಮ ಊಟದ ರಚನೆಯು ಈ ಕಾರ್ಯಕ್ಕೆ ಬಹಳ ಅನುಕೂಲಕರವಾಗಿದೆ. ಅನ್ನ, ರಾಗಿ ಮುದ್ದೆ, ಜೋಳದ ರೊಟ್ಟಿಗಳಿಗೆ ವಾಡಿಕೆಯಲ್ಲಿ ಉಪ್ಪು ಹಾಕುವುದಿಲ್ಲ. ಊಟದ ಉಪ್ಪೆಲ್ಲವೂ ನೆಂಚಿಕೊಳ್ಳುವ ಅಥವಾ ಕಲಸಿಕೊಳ್ಳುವ ಪದಾರ್ಥದಲ್ಲಿಯೇ ಇರುತ್ತದೆ. ಆದ್ದರಿಂದ ಸಾರಿನ ಪಾತ್ರೆಯೊಂದನ್ನು ಸರಿಪಡಿಸಿದರೆ ಇಡೀ ಊಟವನ್ನು ಸರಿಪಡಿಸಿದಂತೆ.

ಮನೆಯ ಮಸಾಲೆ ಪುಡಿಯಿಂದ ಆಗುವ ಪ್ರಯೋಜನ

ಅಂಗಡಿಯಲ್ಲಿ ಸಿಗುವ ಸಾರಿನ ಪುಡಿ, ಪುಳಿಯೋಗರೆ ಮಿಶ್ರಣ ಮುಂತಾದ ಹಲವು ಸಿದ್ಧ ಮಸಾಲೆಗಳಲ್ಲಿ ಉಪ್ಪನ್ನು ಮೊದಲೇ ಬೆರೆಸಿರುತ್ತಾರೆ. ಅದರ ಮೇಲೆ ಅಡುಗೆಯಲ್ಲಿಯೂ ಉಪ್ಪು ಬೀಳುವುದರಿಂದ ಒಂದೇ ಬಾಬ್ತಿಗೆ ಎರಡು ಬಾರಿ ಪಾವತಿ ಮಾಡಿದಂತಾಗುತ್ತದೆ. ಇಂತಹ ಪುಡಿಯಲ್ಲಿ ಖಾರ ಅಥವಾ ಪರಿಮಳ ಸಾಲದೆಂದು ಇನ್ನೊಂದು ಚಮಚ ಹಾಕಿದರೆ ಅದರೊಡನೆ ಉಪ್ಪೂ ಹೆಚ್ಚುತ್ತದೆ. ಮನೆಯ ಪುಡಿಯಲ್ಲಿ ಉಪ್ಪಿಲ್ಲದಿದ್ದರೆ ಮಸಾಲೆಯನ್ನು ಧಾರಾಳವಾಗಿ ಬಳಸಬಹುದು, ಉಪ್ಪನ್ನು ಬೇರೆಯಾಗಿ ಅಳೆಯಬಹುದು. ಎರಡು ಖಾತೆಗಳು ಪ್ರತ್ಯೇಕವಾಗಿರುವುದೇ ಇದರ ಮುಖ್ಯ ಪ್ರಯೋಜನ.

ಉಪ್ಪು ತಗ್ಗಿದಾಗ ರುಚಿಯನ್ನು ಕಾಪಾಡುವ ಅಂಶಗಳು ಕೆಳಕಂಡಂತಿವೆ:

1. ಹುಳಿ: ಹುಣಸೆಹಣ್ಣು, ನಿಂಬೆ, ಮಾವಿನಕಾಯಿ, ಟೊಮೆಟೊ, ಕರಾವಳಿ ಮತ್ತು ಮಲೆನಾಡಿನ ಪುನರ್ಪುಳಿ, ಅಮಟೆಕಾಯಿ. ಹುಳಿಯು ನಾಲಿಗೆಗೆ ಉಪ್ಪಿನ ರುಚಿಯನ್ನು ಎತ್ತಿ ತೋರಿಸುತ್ತದೆ.

2. ಖಾರ: ಕರಿಮೆಣಸು, ಶುಂಠಿ, ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯು ಹೆಚ್ಚು ಬಣ್ಣ ಮತ್ತು ಕಡಿಮೆ ಖಾರವನ್ನು ಹೊಂದಿರುವುದರಿಂದ ಪುಡಿಯನ್ನು ಹೆಚ್ಚು ಬಳಸಲು ಅನುಕೂಲ.

3. ಪರಿಮಳ: ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಇಂಗು, ಕರಿಬೇವು, ಬೆಳ್ಳುಳ್ಳಿ. ಮಸಾಲೆಗಳ ಸುವಾಸನೆಯು ಎಣ್ಣೆ ಅಥವಾ ತುಪ್ಪದಲ್ಲಿ ಚೆನ್ನಾಗಿ ಬಿಡುವುದರಿಂದ ಒಗ್ಗರಣೆಯನ್ನು ಕೊನೆಯಲ್ಲಿ, ಬಡಿಸುವುದಕ್ಕೆ ಸ್ವಲ್ಪ ಮೊದಲು ಕೊಡಬೇಕು.

4. ಹುರಿದ ಕಾಳು ಮತ್ತು ಎಣ್ಣೆಬೀಜ: ಕಡಲೆಬೇಳೆ, ಉದ್ದಿನಬೇಳೆ, ಶೇಂಗಾ, ಎಳ್ಳು, ಗುರೆಳ್ಳು, ಅಗಸೆ, ಒಣಕೊಬ್ಬರಿ. ಇವು ಸಪ್ಪೆತನವನ್ನು ಮರೆಸುವಷ್ಟು ಗಟ್ಟಿ ರುಚಿಯನ್ನು ಕೊಡುತ್ತವೆ.

ಪುಡಿಗಳ ತಯಾರಿಕಾ ವಿಧಾನ

(ಅ) ಸಾರಿನ ಪುಡಿ

ಕೊತ್ತಂಬರಿ ಬೀಜ 100 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 60 ಗ್ರಾಂ, ಜೀರಿಗೆ 25 ಗ್ರಾಂ, ಕರಿಮೆಣಸು 15 ಗ್ರಾಂ, ಮೆಂತ್ಯ 10 ಗ್ರಾಂ, ಸಾಸಿವೆ 10 ಗ್ರಾಂ, ಕರಿಬೇವು ಒಂದು ಹಿಡಿ, ಇಂಗಿನ ಪುಡಿ ಅರ್ಧ ಚಮಚ, ಅರಿಸಿನ 1 ಚಮಚ. ಉಪ್ಪು ಇಲ್ಲ.

ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಮೆಂತ್ಯವು ಕೆಂಪಗಾಗುವಷ್ಟು ಮಾತ್ರ ಹುರಿಯಬೇಕು. ಕಪ್ಪಾದರೆ ಇಡೀ ಪುಡಿ ಕಹಿಯಾಗುತ್ತದೆ. ಕರಿಬೇವು ಗರಿಗರಿಯಾಗಬೇಕು. ಎಲ್ಲವೂ ಪೂರ್ಣವಾಗಿ ಆರಿದ ನಂತರ ಪುಡಿ ಮಾಡಿ, ಇಂಗು ಮತ್ತು ಅರಿಸಿನವನ್ನು ಬೆರೆಸಬೇಕು.

(ಆ) ಬಿಸಿಬೇಳೆ ಬಾತ್ ಪುಡಿ

ಕೊತ್ತಂಬರಿ ಬೀಜ 50 ಗ್ರಾಂ, ಕಡಲೆಬೇಳೆ 40 ಗ್ರಾಂ, ಉದ್ದಿನಬೇಳೆ 25 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 40 ಗ್ರಾಂ, ಒಣಕೊಬ್ಬರಿ ತುರಿ 40 ಗ್ರಾಂ, ಗಸಗಸೆ 10 ಗ್ರಾಂ, ಚಕ್ಕೆ 8 ಗ್ರಾಂ, ಮೆಂತ್ಯ 4 ಗ್ರಾಂ, ಲವಂಗ 3 ಗ್ರಾಂ, ಮರಾಠಿ ಮೊಗ್ಗು 3. ಉಪ್ಪು ಇಲ್ಲ.

ಬೇಳೆಗಳನ್ನು ಹೊಂಬಣ್ಣ ಬರುವವರೆಗೆ ಹುರಿಯಬೇಕು. ಕೊಬ್ಬರಿಯನ್ನು ಕೊನೆಯಲ್ಲಿ ಬೆಚ್ಚಗೆ ಮಾಡಿದರೆ ಸಾಕು.

(ಇ) ಗುರೆಳ್ಳು ಚಟ್ನಿ ಪುಡಿ

ಗುರೆಳ್ಳು (ಹುಚ್ಚೆಳ್ಳು) 100 ಗ್ರಾಂ, ಹುರಿಗಡಲೆ 50 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 25 ಗ್ರಾಂ, ಬೀಜ ತೆಗೆದ ಒಣ ಹುಣಸೆ 10 ಗ್ರಾಂ, ಜೀರಿಗೆ 5 ಗ್ರಾಂ, ಬೆಳ್ಳುಳ್ಳಿ 8 ಎಸಳು, ಕರಿಬೇವು ಸ್ವಲ್ಪ, ಉಪ್ಪು ಅರ್ಧ ಚಮಚ (3 ಗ್ರಾಂ).

ಚಟ್ನಿ ಪುಡಿಯನ್ನು ಬೇಯಿಸದೆ ನೇರವಾಗಿ ತಿನ್ನುವುದರಿಂದ ಇದಕ್ಕೆ ಮಾತ್ರ ಅಲ್ಪ ಉಪ್ಪನ್ನು ಸೂಚಿಸಲಾಗಿದೆ. ಬೆಳ್ಳುಳ್ಳಿ ಮತ್ತು ಹುಣಸೆಯನ್ನು ತೇವ ಹೋಗುವವರೆಗೆ ಬಾಣಲೆಯಲ್ಲಿ ಬಾಡಿಸಬೇಕು. ಸುಮಾರು 200 ಗ್ರಾಂ ಆಗುವ ಈ ಪುಡಿಯ 10 ಗ್ರಾಂ ಬಡಿಕೆಯಲ್ಲಿ ಹಾಕಿದ ಉಪ್ಪಿನಿಂದ ಬರುವ ಸೋಡಿಯಂ ಸುಮಾರು 60 ಮಿಲಿಗ್ರಾಂ ಮಾತ್ರ. ರೊಟ್ಟಿಯ ಜೊತೆಗೆ ಉಪ್ಪಿನಕಾಯಿಗೆ ಬದಲಾಗಿ ಇದನ್ನು ಬಳಸಬಹುದು. ಗುರೆಳ್ಳಿಗೆ ಬದಲು ಶೇಂಗಾ ಅಥವಾ ಅಗಸೆಯನ್ನೂ ಉಪಯೋಗಿಸಬಹುದು.

(ಈ) ಮಜ್ಜಿಗೆ ಪುಡಿ

ಹುರಿದ ಜೀರಿಗೆ 30 ಗ್ರಾಂ, ಕರಿಮೆಣಸು 10 ಗ್ರಾಂ, ಒಣಶುಂಠಿ 5 ಗ್ರಾಂ, ಗರಿಗರಿಯಾಗಿ ಹುರಿದ ಕರಿಬೇವು ಒಂದು ಹಿಡಿ, ಇಂಗು ಕಾಲು ಚಮಚ. ಉಪ್ಪು ಇಲ್ಲ. ಒಂದು ಲೋಟ ಮಜ್ಜಿಗೆಗೆ ಕಾಲು ಚಮಚ ಸಾಕು. ಮೊಸರನ್ನ, ಸೌತೆಕಾಯಿ ಕೋಸಂಬರಿ, ಹಣ್ಣಿನ ಹೋಳುಗಳ ಮೇಲೂ ಉದುರಿಸಬಹುದು.

ಸಂಗ್ರಹಣೆ: ಉಪ್ಪು ಬೆರೆಸದ ಪುಡಿಗೆ ತೇವವೇ ಶತ್ರು. ಹುರಿದ ಪದಾರ್ಥ ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ನೀರಾಡಿ ಬೂಸ್ಟು ಹಿಡಿಯುತ್ತದೆ. ಒಣಗಿದ ಗಾಜಿನ ಅಥವಾ ಸ್ಟೀಲಿನ ಡಬ್ಬಿಯಲ್ಲಿ, ಒಣ ಚಮಚವನ್ನು ಮಾತ್ರ ಬಳಸಿ, ತಿಂಗಳೊಂದಕ್ಕೆ ಆಗುವಷ್ಟನ್ನೇ ಮಾಡಿಟ್ಟುಕೊಳ್ಳಬೇಕು. ಕೊಬ್ಬರಿ, ಶೇಂಗಾ, ಗುರೆಳ್ಳು ಇರುವ ಪುಡಿಗಳು ಕಮಟು ವಾಸನೆ ಬರುವ ಸಂಭವವಿರುವುದರಿಂದ ಫ್ರಿಜ್ಜಿನಲ್ಲಿ ಇಡುವುದು ಉತ್ತಮ. ಬೂಸ್ಟಿನ ಗುರುತು ಕಂಡ ಪುಡಿಯನ್ನು ಪೂರ್ಣವಾಗಿ ಎಸೆಯತಕ್ಕದ್ದು.

ಅಡುಗೆಯಲ್ಲಿ ಬಳಸುವ ಕ್ರಮ

ಸಾರು: ಸುಮಾರು 1 ಲೀಟರ್ ಸಾರಿಗೆ ಅರ್ಧ ಲೋಟ ತೊಗರಿಬೇಳೆ, 2 ಟೊಮೆಟೊ, ಸ್ವಲ್ಪ ಹುಣಸೆ ರಸ, ಎರಡೂವರೆ ಚಮಚ ಸಾರಿನ ಪುಡಿ. ಬೇಳೆ ಬೇಯುವಾಗ ಉಪ್ಪು ಬೇಡ. ಕೊನೆಯ ಕುದಿಯಲ್ಲಿ 1 ಚಮಚ ಹಾಕಬೇಕು. ಇಳಿಸಿದ ಮೇಲೆ 1 ಚಮಚ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ಕೊತ್ತಂಬರಿ ಸೊಪ್ಪು ಉದುರಿಸಿ ಮುಚ್ಚಿಡಬೇಕು. ಸಾರು ತೆಳುವಾದಷ್ಟೂ ನೀರು ಹೆಚ್ಚು, ನೀರು ಹೆಚ್ಚಿದಷ್ಟೂ ಉಪ್ಪು ಹೆಚ್ಚು ಬೇಡುತ್ತದೆ. ಬೇಳೆ, ತರಕಾರಿ, ಸೊಪ್ಪನ್ನು ಹೆಚ್ಚಿಸಿ ಸ್ವಲ್ಪ ಗಟ್ಟಿಯಾಗಿ ಮಾಡಿದಲ್ಲಿ ಕಡಿಮೆ ಉಪ್ಪಿನಲ್ಲಿಯೇ ರುಚಿ ನಿಲ್ಲುತ್ತದೆ.

ಬಿಸಿಬೇಳೆ ಬಾತ್: ನಾಲ್ವರ ಅಳತೆಗೆ ಎರಡೂವರೆ ಚಮಚ ಉಪ್ಪು ಹಾಕುತ್ತಿದ್ದವರು ಪುಡಿಯನ್ನು ಹೆಚ್ಚಿಸಿ ಉಪ್ಪನ್ನು ಒಂದೂವರೆ ಚಮಚಕ್ಕೆ ತರಬಹುದು. ಮೇಲೆ ಉದುರಿಸುವ ಖಾರಾಬೂಂದಿಗೆ ಬದಲು ಹುರಿದ ಶೇಂಗಾ ಅಥವಾ ಹೆಚ್ಚಿದ ಈರುಳ್ಳಿ, ಜೊತೆಗೆ ಉಪ್ಪು ಹಾಕದ ಮೊಸರು ಬಜ್ಜಿ ಕೊಡಬಹುದು.

ಚಿತ್ರಾನ್ನ, ಪುಳಿಯೋಗರೆ: ಅನ್ನಕ್ಕೆ ಪ್ರತ್ಯೇಕ ಉಪ್ಪು ಹಾಕದೆ ಗೊಜ್ಜಿಗೆ ಮಾತ್ರ ಹಾಕಬೇಕು. ಹುರಿದ ಎಳ್ಳಿನ ಪುಡಿ, ಶೇಂಗಾ, ಕರಿಮೆಣಸು, ನಿಂಬೆ ಅಥವಾ ಹುಣಸೆಯ ಹುಳಿಯನ್ನು ಹೆಚ್ಚಿಸಬಹುದು.

ಉಪ್ಪಿಟ್ಟು: 2 ಲೋಟ ರವೆಗೆ 1 ಚಮಚ ಉಪ್ಪು. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ತರಕಾರಿ ಹೆಚ್ಚಾಗಿ ಹಾಕಿ, ಇಳಿಸಿದ ನಂತರ ನಿಂಬೆರಸ ಹಿಂಡಬೇಕು.

ಪಲ್ಯ ಮತ್ತು ಕೋಸಂಬರಿ: ಉಪ್ಪನ್ನು ಕೊನೆಯಲ್ಲಿ ಉದುರಿಸಿದರೆ ಅದು ಹೋಳುಗಳ ಮೇಲ್ಭಾಗದಲ್ಲಿಯೇ ಉಳಿದು ನಾಲಿಗೆಗೆ ಬೇಗ ತಿಳಿಯುತ್ತದೆ. ಕೋಸಂಬರಿಗೆ ಬಡಿಸುವ ವೇಳೆಯಲ್ಲಿಯೇ ಉಪ್ಪು ಹಾಕುವುದರಿಂದ ನೀರು ಬಿಡುವುದೂ ತಪ್ಪುತ್ತದೆ.

ಹಂತ ಹಂತವಾಗಿ ತಗ್ಗಿಸುವ ವೇಳಾಪಟ್ಟಿ

ಉಪ್ಪನ್ನು ಒಂದೇ ದಿನ ಅರ್ಧಕ್ಕೆ ಇಳಿಸಿದರೆ ಮನೆಯವರೆಲ್ಲರೂ ಆಕ್ಷೇಪಿಸುವುದು ಸಹಜ. ನಾಲಿಗೆಯು ಹೊಸ ರುಚಿಗೆ ಹೊಂದಿಕೊಳ್ಳಲು ಕೆಲವು ವಾರಗಳ ಕಾಲಾವಕಾಶ ಬೇಕು. 2 ಚಮಚ ಉಪ್ಪು ಬೀಳುತ್ತಿದ್ದ ಸಾರಿಗೆ ಕೆಳಕಂಡ ಕ್ರಮವನ್ನು ಅನುಸರಿಸಬಹುದು:

1 ಮತ್ತು 2ನೇ ವಾರ: ಒಂದೂ ಮುಕ್ಕಾಲು ಚಮಚ
3 ಮತ್ತು 4ನೇ ವಾರ: ಒಂದೂವರೆ ಚಮಚ
5 ಮತ್ತು 6ನೇ ವಾರ: ಒಂದೂ ಕಾಲು ಚಮಚ
7 ಮತ್ತು 8ನೇ ವಾರ: 1 ಚಮಚ

ಪ್ರತಿ ಹಂತದಲ್ಲಿಯೂ ಸಾರಿನ ಪುಡಿ, ಹುಳಿ ಅಥವಾ ಒಗ್ಗರಣೆಯನ್ನು ಸ್ವಲ್ಪ ಹೆಚ್ಚಿಸಬೇಕು. ಎಂಟು ವಾರಗಳ ನಂತರ ಹಿಂದಿನ ಪ್ರಮಾಣದ ಸಾರನ್ನು ಬೇರೆಡೆ ಉಂಡಾಗ ಅದೇ ಅತಿ ಉಪ್ಪೆಂದು ತೋರುವ ಸಾಧ್ಯತೆ ಇದೆ. ಈ ಅವಧಿಯಲ್ಲಿ ಊಟದ ಸ್ಥಳದಲ್ಲಿ ಉಪ್ಪಿನ ಬಟ್ಟಲನ್ನು ಇಡದೆ, ನಿಂಬೆ ಹೋಳು ಮತ್ತು ಮಜ್ಜಿಗೆ ಪುಡಿಯನ್ನು ಇಡುವುದು ಸೂಕ್ತ.

ಗಮನಕ್ಕೆ ಬಾರದ ಸೋಡಿಯಂ

1. ಅಡುಗೆ ಸೋಡಾ: ಒಂದು ಗ್ರಾಂ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇದೆ. ಚೆನ್ನಾಗಿ ಹುದುಗು ಬಂದ ಇಡ್ಲಿ, ದೋಸೆ ಹಿಟ್ಟಿಗೆ ಸೋಡಾ ಬೇಕಿಲ್ಲ. ಕಾಳುಗಳನ್ನು ರಾತ್ರಿಯೇ ನೆನೆಸಿದರೆ ಬೇಯಿಸಲೂ ಸೋಡಾ ಬೇಕಿಲ್ಲ.

2. ಹಪ್ಪಳ: ಉಪ್ಪಿನೊಂದಿಗೆ ಹಪ್ಪಳ ಖಾರವೂ ಸೇರಿರುವುದರಿಂದ ಸೋಡಿಯಂ ಅಧಿಕ. ಸುಟ್ಟು ತಿಂದರೆ ಎಣ್ಣೆ ತಗ್ಗುತ್ತದೆಯೇ ಹೊರತು ಸೋಡಿಯಂ ತಗ್ಗುವುದಿಲ್ಲ.

3. ಉಪ್ಪಿನಕಾಯಿ: ವರ್ಷವಿಡೀ ಇಡುವ ಉಪ್ಪಿನಕಾಯಿಯಲ್ಲಿ ಉಪ್ಪು ರುಚಿಗಾಗಿ ಮಾತ್ರವಲ್ಲದೆ ಕೆಡದಂತೆ ಕಾಯಲೂ ಇರುತ್ತದೆ. ಆದುದರಿಂದ ಅದರಲ್ಲಿ ಉಪ್ಪನ್ನು ಕಡಿತಗೊಳಿಸಬಾರದು. ತಿನ್ನುವ ಪ್ರಮಾಣವನ್ನು ಕಡಿತಗೊಳಿಸಬೇಕು. ಕಡಿಮೆ ಉಪ್ಪಿನ ದಿಢೀರ್ ಉಪ್ಪಿನಕಾಯಿ ಮಾಡಿದಲ್ಲಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಬೇಕು.

4. ಪೊಟ್ಟಣದ ತಿನಿಸುಗಳು: ಇವುಗಳ ಪೋಷಕಾಂಶ ಪಟ್ಟಿಯಲ್ಲಿ ಸೋಡಿಯಂ ಪ್ರಮಾಣವನ್ನು ಮಿಲಿಗ್ರಾಂಗಳಲ್ಲಿ ನಮೂದಿಸಿರುತ್ತಾರೆ. ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ತಿಳಿಯುತ್ತದೆ. 100 ಗ್ರಾಂ ತಿನಿಸಿನಲ್ಲಿ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ, ಅದರಲ್ಲಿ 2 ಗ್ರಾಂ ಉಪ್ಪಿದೆ ಎಂದರ್ಥ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೈಂಧವ ಲವಣ ಅಥವಾ ಕಲ್ಲುಪ್ಪನ್ನು ಎಷ್ಟು ಬೇಕಾದರೂ ಬಳಸಬಹುದೇ?
ಉತ್ತರ: ಇಲ್ಲ. ಅವೆರಡೂ ಮುಖ್ಯವಾಗಿ ಸೋಡಿಯಂ ಕ್ಲೋರೈಡೇ ಆಗಿವೆ. ತೂಕಕ್ಕೆ ತೂಕ ಇಟ್ಟು ನೋಡಿದರೆ ಸೋಡಿಯಂನಲ್ಲಿ ದೊಡ್ಡ ವ್ಯತ್ಯಾಸವಿರುವುದಿಲ್ಲ. ಅಯೋಡಿನ್ ಬೆರೆಸದ ಉಪ್ಪಿನಿಂದ ಗಳಗಂಡ ಮುಂತಾದ ಕೊರತೆಗಳಿಗೂ ಅವಕಾಶವಾಗುತ್ತದೆ. ಬಳಸುವ ಉಪ್ಪು ಕಡಿಮೆಯಿರಲಿ, ಅಯೋಡಿನ್‌ಯುಕ್ತವಾಗಿರಲಿ. ಅದನ್ನು ಮುಚ್ಚಿದ ಡಬ್ಬಿಯಲ್ಲಿ, ಒಲೆಯಿಂದ ದೂರವಿಡಬೇಕು.

ಪ್ರಶ್ನೆ: ಕಡಿಮೆ ಸೋಡಿಯಂ ಉಪ್ಪನ್ನು ಬಳಸಬಹುದೇ?
ಉತ್ತರ: ಇಂತಹ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗಕ್ಕೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಚೀನಾ ದೇಶದ 600 ಹಳ್ಳಿಗಳಲ್ಲಿ, ಹಿಂದೆ ಪಾರ್ಶ್ವವಾಯುವಿಗೆ ತುತ್ತಾದವರು ಹಾಗೂ ಅಧಿಕ ರಕ್ತದೊತ್ತಡವುಳ್ಳ ವೃದ್ಧರು ಸೇರಿದಂತೆ ಸುಮಾರು 21,000 ಜನರಲ್ಲಿ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಇದನ್ನು ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆ ಕಂಡುಬಂದಿತು. ಆದರೆ ಮೂತ್ರಪಿಂಡದ ತೊಂದರೆಯಿರುವವರಿಗೆ, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿಸುವ ಔಷಧಿಗಳನ್ನು ಸೇವಿಸುವವರಿಗೆ ಇದು ಅಪಾಯಕಾರಿಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ನೀಡಿದ ಶಿಫಾರಸು ಮಕ್ಕಳಿಗೂ ಗರ್ಭಿಣಿಯರಿಗೂ ಅನ್ವಯಿಸುವುದಿಲ್ಲ. ಇಡೀ ಮನೆಗೆ ಒಂದೇ ಪಾತ್ರೆಯ ಅಡುಗೆಯಾಗುವುದರಿಂದ, ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು. ಮೇಲೆ ವಿವರಿಸಿದ ಮಸಾಲೆ ಪುಡಿಗಳ ವಿಧಾನವು ಮಾಮೂಲು ಉಪ್ಪನ್ನೇ ಅವಲಂಬಿಸಿದೆ.

ಪ್ರಶ್ನೆ: ಅಡುಗೆಯಲ್ಲಿ ಉಪ್ಪು ಹೆಚ್ಚಾದಾಗ ಆಲೂಗಡ್ಡೆ ಹಾಕಿದರೆ ಸರಿಹೋಗುವುದೇ?
ಉತ್ತರ: ಆಲೂಗಡ್ಡೆಯು ಉಪ್ಪು ನೀರನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಆದರೆ ಅದನ್ನೂ ತಿಂದಾಗ ಆ ಸೋಡಿಯಂ ಶರೀರವನ್ನೇ ಸೇರುತ್ತದೆ. ಬೇಳೆ, ತರಕಾರಿ ಸೇರಿಸಿ ಅಡುಗೆಯ ಪ್ರಮಾಣವನ್ನು ಹೆಚ್ಚಿಸಿ ತಲಾ ಬಡಿಕೆಯನ್ನು ಮೊದಲಿನಷ್ಟೇ ಇಡುವುದು ಸರಿಯಾದ ಮಾರ್ಗ.

ಪ್ರಶ್ನೆ: ರಕ್ತದೊತ್ತಡ ಇಲ್ಲದ ಮನೆಮಂದಿಯೂ ಕಡಿಮೆ ಉಪ್ಪು ತಿನ್ನಬೇಕೇ?
ಉತ್ತರ: 5 ಗ್ರಾಂ ಮಿತಿಯು ಆರೋಗ್ಯವಂತ ವಯಸ್ಕರಿಗೂ ಅನ್ವಯಿಸುತ್ತದೆ, ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಒಂದು ವರ್ಷದೊಳಗಿನ ಶಿಶುವಿನ ಆಹಾರಕ್ಕೆ ಉಪ್ಪು ಸೇರಿಸುವ ಅವಶ್ಯಕತೆ ಇರುವುದಿಲ್ಲ. ಚಿಕ್ಕಂದಿನಲ್ಲಿ ರೂಢಿಯಾದ ನಾಲಿಗೆಯ ರುಚಿಯು ಮುಂದೆಯೂ ಉಳಿಯುವುದರಿಂದ ಒಂದೇ ಪಾತ್ರೆಯ ಅಡುಗೆಯು ಮಕ್ಕಳಿಗೂ ಹಿತಕರ.

ಮುಖ್ಯ ಸೂಚನೆಗಳು

1. ಉಪ್ಪು ಕಡಿಮೆ ಮಾಡಿದ ಮಾತ್ರಕ್ಕೆ ರಕ್ತದೊತ್ತಡದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಕೂಡದು.

2. ಉಪ್ಪನ್ನು ಸಂಪೂರ್ಣವಾಗಿ ತ್ಯಜಿಸುವುದು ಈ ವಿಧಾನದ ಉದ್ದೇಶವಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವ ವೃದ್ಧರಲ್ಲಿ ರಕ್ತದ ಸೋಡಿಯಂ ಅತಿಯಾಗಿ ಕುಸಿಯುವ ಸಂಭವವಿರುವುದರಿಂದ ಅವರು ವೈದ್ಯರು ತಿಳಿಸಿದ ಪ್ರಮಾಣವನ್ನೇ ಪಾಲಿಸಬೇಕು.

3. ವಾಂತಿ-ಭೇದಿಯಾದಾಗ ಕೊಡುವ ಓ.ಆರ್.ಎಸ್. ದ್ರಾವಣದಲ್ಲಿ ಲವಣಗಳ ಪ್ರಮಾಣವು ಚಿಕಿತ್ಸೆಯ ಭಾಗ. ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಪೂರ್ಣ ಪೊಟ್ಟಣವನ್ನು ಕರಗಿಸಬೇಕು.

4. ಬಿಸಿಲಿನಲ್ಲಿ ಕಠಿಣ ದುಡಿಮೆ ಮಾಡುವವರು ಬೆವರಿನ ಕಾರಣಕ್ಕಾಗಿ ನೀರು, ಮಜ್ಜಿಗೆಗಳನ್ನು ಸಾಕಷ್ಟು ಸೇವಿಸಬೇಕು. ಅವರಿಗೆ ರಕ್ತದೊತ್ತಡವೂ ಇದ್ದಲ್ಲಿ ಉಪ್ಪಿನ ಪ್ರಮಾಣವನ್ನು ವೈದ್ಯರೊಂದಿಗೆ ಚರ್ಚಿಸಿ ನಿರ್ಧರಿಸಬೇಕು.

5. ಮೂವತ್ತು ವರ್ಷ ಮೀರಿದವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ರಕ್ತದೊತ್ತಡವನ್ನು ಉಚಿತವಾಗಿ ತಪಾಸಣೆ ಮಾಡಿಸಿಕೊಳ್ಳಬಹುದು.

ಉಪಸಂಹಾರ

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂಬ ಗಾದೆಯು ನಡತೆಯ ಬಗ್ಗೆ ಹೇಳಿದ್ದಾದರೂ ಆರೋಗ್ಯದ ವಿಷಯದಲ್ಲಿ ಅಕ್ಷರಶಃ ಸತ್ಯವಾಗಿದೆ. ನಿತ್ಯ ಸ್ವಲ್ಪ ಸ್ವಲ್ಪವಾಗಿ ಬೀಳುವ ಅಧಿಕ ಉಪ್ಪಿನ ಬಾಕಿಯನ್ನು ಶರೀರವು ಮುಂದೊಂದು ದಿನ ವಸೂಲಿ ಮಾಡುತ್ತದೆ. ಆ ಬಾಕಿಯನ್ನು ತೀರಿಸಲು ಆಸ್ಪತ್ರೆಯ ವೆಚ್ಚಕ್ಕಿಂತ ಅಡುಗೆಮನೆಯ ಒಂದು ಅಳತೆ ಚಮಚ, ಒಂದು ಬಾಣಲೆ ಮತ್ತು ನಾಲ್ಕು ಡಬ್ಬಿಗಳು ಅಗ್ಗ. ರೋಗಿಯೆಂದು ಒಬ್ಬರನ್ನು ಬೇರೆ ಪಾತ್ರೆಗೆ ಸೀಮಿತಗೊಳಿಸದೆ, ಮನೆಮಂದಿಯೆಲ್ಲರೂ ಅದೇ ಸಾರನ್ನು ಅದೇ ಅನ್ನಕ್ಕೆ ಕಲಸಿ ಉಣ್ಣುವಂತಾದರೆ ಈ ಮಾಹಿತಿಯ ಉದ್ದೇಶವು ಈಡೇರಿದಂತೆ.

(ಈ ಪುಟದಲ್ಲಿನ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಗೆ ಸಂಬಂಧಿಸಿದ ವಿಷಯಗಳಲ್ಲಿ ವೈದ್ಯರ ಸಲಹೆಯೇ ಅಂತಿಮ.)